ಮಳೆಗಾಲದ ಮಾತು

ನಮ್ಮ ಊರಲ್ಲಿ ಸುಳ್ಳು ಹೇಳಬೇಕೆಂದರೆ ಮಳೆಗಾಲಕ್ಕೆ ಕಾಯಬೇಕಿತ್ತು. ಬಿಸಿಲಲ್ಲಿ ನಿಂತು ಸುಳ್ಳಾಡಿದವರ ನೆರಳು ಕಾಲಿನಿಂದ ಕಳಚಿಕೊಂಡು ಒಂದು ಗೇಣು ಪಕ್ಕಕ್ಕೆ ಸರಿದು ನಿಲ್ಲುತ್ತಿತ್ತು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ತನಕ ಅದು ಮರಳಿ ಕಾಲಿಗೆ ಸೇರುತ್ತಿರಲಿಲ್ಲ. ಮೋಡ ಕವಿದಾಗ ಯಾರಿಗೂ ನೆರಳಿರುವುದಿಲ್ಲ, ಹಾಗಾಗಿ ಮಳೆಗಾಲದಲ್ಲಿ ನಾವು ಯಾವ ಮಾತಿಗೂ ಬೆಲೆ ಕೊಡುತ್ತಿರಲಿಲ್ಲ. ಹೊಲದ ಗಡಿ, ಮದುವೆ, ದತ್ತು, ಪಾಲು, ಎಲ್ಲವೂ ಬಿಸಿಲು ಬಿದ್ದ ಮೇಲೆಯೇ. ಮಳೆಗಾಲವೆಂದರೆ ನಮಗೆ ಸುಳ್ಳಿನ ಸುಗ್ಗಿ. ಹೆಂಗಸರು ಒಲೆಯ ಮುಂದೆ ಕೂತು ತವರುಮನೆಯ ಸಿರಿಯನ್ನು ಬಾಯಿಗೆ ಬಂದಷ್ಟು ಹಿಗ್ಗಿಸುತ್ತಿದ್ದರು, ಗಂಡಸರು ತಾವು ಎದುರು ನಿಂತು ಓಡಿಸಿದ ಹುಲಿಗಳ ಸುದ್ದಿ ಹೇಳುತ್ತಿದ್ದರು. ಯಾರಾದರೂ ತೀರ ಮೀರಿದರೆ ‘ಮಳೆಗಾಲದ ಮಾತು ಬಿಡು’ ಎಂದು ನಕ್ಕು ಏಳುತ್ತಿದ್ದೆವು.

ಊರ ನಡುವೆ ಬಿಳಿ ಹಾಸುಗಲ್ಲಿನ ಕಟ್ಟೆಯೊಂದಿದೆ. ನೆರಳು ಚೆನ್ನಾಗಿ ಕಾಣಲೆಂದು ಹಿಂದಿನವರು ಬಿಳಿಕಲ್ಲನ್ನೇ ಹುಡುಕಿ ತಂದು ಹಾಸಿದರಂತೆ. ನ್ಯಾಯ ಹೇಳುವ ಹಿರಿಯ ಮೊದಲು ತಾನೇ ಅದರ ಮೇಲೆ ನಿಂತು, ತನ್ನ ಮನಸ್ಸಿನಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ ಎಂದು ಹೇಳಬೇಕು. ಅವನ ನೆರಳು ಅಲುಗದಿದ್ದರೆ ಮಾತ್ರ ಇನ್ನೊಬ್ಬರನ್ನು ಕೇಳುವ ಹಕ್ಕು. ನನ್ನ ಮದುವೆಯೂ ಆ ಕಟ್ಟೆಯ ಮೇಲೆಯೇ ಆಯಿತು. ಈ ಹುಡುಗಿ ಮನಸ್ಸಿಗೆ ಬಂದಿದ್ದಾಳೋ ಎಂದು ಕೇಳಿದಾಗ ಹೌದೆಂದ ಹುಡುಗನ ನೆರಳು ಅಲುಗಲಿಲ್ಲ. ನನ್ನದು ಮಾತ್ರ ಕೂದಲೆಳೆಯಷ್ಟು ಅಲುಗಿತ್ತು ಎಂದು ನನ್ನ ನಾದಿನಿ ಇವತ್ತಿಗೂ ಹೇಳುತ್ತಾಳೆ. ಅವಳ ಕಣ್ಣು ಮೊದಲಿನಿಂದಲೂ ಅಷ್ಟಕ್ಕಷ್ಟೆ. ನನ್ನ ಗಂಡನ ಹೆಸರು ದುಂಡಪ್ಪ. ಗಂಡನ ಹೆಸರು ಹಿಡಿದು ಹೇಳುವ ರೂಢಿ ನಮ್ಮಲ್ಲಿಲ್ಲ, ನಿಮಗೆ ಗೊತ್ತಿರಲಿ ಎಂದು ಒಮ್ಮೆ ಹೇಳಿದ್ದೇನೆ. ಇನ್ನು ಮುಂದೆ ನಮ್ಮವರು ಎಂದೇ ಅನ್ನುತ್ತೇನೆ.

ನಮ್ಮವರು ಊರ ಬೀಜದ ಹಗೇವು ಕಾಯುವವರು. ಹಗೇವು ಅಂದರೆ ನೆಲದೊಳಗೆ ಬಾವಿಯಂತೆ ತೋಡಿದ ಕಣಜ. ಒಂದು ಬೆಳೆ ಹೋದರೂ ಬೀಜ ಉಳಿಯಲೆಂದು ಊರಿಗೆಲ್ಲ ಎರಡು ವರ್ಷಕ್ಕೆ ಬೇಕಾದ ಬಿತ್ತನೆಯ ಜೋಳವನ್ನು ಬೂದಿ ಮತ್ತು ಬೇವಿನ ಎಲೆಯಲ್ಲಿ ಕಲೆಸಿ, ಹುಳ ಹತ್ತದ ಹಾಗೆ ಅದರಲ್ಲಿ ತುಂಬುತ್ತಾರೆ. ಬಾಯಿಗೆ ಚಪ್ಪಡಿ ಮುಚ್ಚಿ, ಸುತ್ತ ಹಸಿಮಣ್ಣು ಮೆತ್ತಿ, ಕಾಯುವವನು ಅದರ ಮೇಲೆ ತನ್ನ ಬಲಗೈ ಒತ್ತುತ್ತಾನೆ. ಬಿತ್ತುವ ದಿನ ಬರುವ ತನಕ ಆ ಹಸ್ತದ ಗುರುತು ಒಡೆಯಬಾರದು. ಎಂಥ ಹಸಿವಿನಲ್ಲೂ ಬೀಜ ತಿನ್ನಬಾರದು. ತಿಂದವನನ್ನು ಕಣಿವೆ ದಾಟಿಸಿ ಬಿಡುತ್ತಾರೆ, ಮತ್ತೆ ಊರೊಳಗೆ ಸೇರಿಸುವುದಿಲ್ಲ.

ನೆರಳಿನ ಈ ಅನುಕೂಲದಿಂದ ನಮಗೆ ಒಂದು ಕೆಲಸ ಬಾರದೇ ಹೋಗಿತ್ತು. ಎದುರಿಗಿರುವವರ ಮುಖ ನೋಡಿ ನಂಬಬೇಕೋ ಬಿಡಬೇಕೋ ಎಂದು ತೀರ್ಮಾನಿಸುವುದು ನಮಗೆ ಗೊತ್ತಿರಲಿಲ್ಲ. ಮಾತಾಡುವಾಗ ನಾವು ಒಬ್ಬರ ಕಾಲನ್ನು ಒಬ್ಬರು ನೋಡುತ್ತಿದ್ದೆವು. ನೆರೆಯವಳ ಹುಬ್ಬಿನ ಮೇಲೆ ಮಚ್ಚೆಯಿದೆಯೋ ಇಲ್ಲವೋ ಎಂದು ಕೇಳಿದರೆ ನನಗೆ ಹೇಳಲು ಬರುತ್ತಿರಲಿಲ್ಲ, ಆದರೆ ಅವಳ ಕಾಲಿನ ಯಾವ ಬೆರಳು ಸೊಟ್ಟಗಿದೆ ಎಂದು ಕೇಳಿದ್ದರೆ ಹೇಳುತ್ತಿದ್ದೆ.

ಆ ವರ್ಷದ ಬೇಸಿಗೆಯಲ್ಲಿ ಸಂಜೆಗಳು ಕೆಡಲು ಶುರುವಾದವು. ಕೆಟ್ಟವು ಎಂದು ಈಗ ಹೇಳುತ್ತೇನೆ, ಆಗ ನಮಗೆ ಅದು ಚೆಂದವೇ ಕಂಡಿತ್ತು. ಸೂರ್ಯ ಮುಳುಗಿ ಎಷ್ಟೋ ಹೊತ್ತಾದರೂ ಪಡುವಣದ ಆಕಾಶ ಕೆಂಪಗೆ ಉರಿಯುತ್ತಿತ್ತು, ಆಮೇಲೆ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿ ನಿಧಾನವಾಗಿ ಆರುತ್ತಿತ್ತು. ಮಕ್ಕಳು ಊಟ ಬಿಟ್ಟು ಮಾಳಿಗೆ ಏರುತ್ತಿದ್ದವು. ಹಗಲಲ್ಲಿ ಸೂರ್ಯನ ಸುತ್ತ ಕಂದು ಬಣ್ಣದ ಬಳೆಯೊಂದು ಕಾಣುತ್ತಿತ್ತು. ಮೋಡವಿಲ್ಲದಿದ್ದರೂ ಆಕಾಶ ನೀಲಿಯಾಗಿರದೆ ಮಜ್ಜಿಗೆ ಚೆಲ್ಲಿದಂತೆ ಬೆಳ್ಳಗಿತ್ತು. ಬೇಸಿಗೆ ಕಾಯಲೇ ಇಲ್ಲ. ಹಾಕಿದ ಹಪ್ಪಳ ಒಣಗದೆ ಬೂಸಲು ಹಿಡಿದವು. ನೆರಳುಗಳು ಒಂದೊಂದೇ ದಿನಕ್ಕೆ ಅಂಚು ಕಳೆದುಕೊಂಡು, ಒದ್ದೆ ಬಟ್ಟೆ ಇಟ್ಟೆತ್ತಿದ ಕಲೆಯಷ್ಟು ಮಸುಕಾದವು.

ಆಗಲೇ ಖಾಜಾಸಾಬ್ ಬಂದದ್ದು. ಅವನು ಕಡಲ ಕಡೆಯಿಂದ ಕತ್ತೆಗಳ ಮೇಲೆ ಉಪ್ಪು ಹೇರಿಕೊಂಡು ವರ್ಷಕ್ಕೊಮ್ಮೆ ನಮ್ಮೂರಿಗೆ ಬರುವವನು. ಆ ಸಲ ಅವನು ಉಪ್ಪು ಇಳಿಸುವ ಮೊದಲೇ ಕಟ್ಟೆಯ ಹಿರಿಯ ಅಡಿವೆಪ್ಪಜ್ಜನನ್ನು ಕರೆಸಿದ. ಬಂದರಿನಲ್ಲಿ ಹಡಗಿನವರು ಹೇಳಿದ್ದನ್ನು ಊರ ಮುಂದೆ ಹೇಳಿದ. ಸಮುದ್ರದಾಚೆ ಯಾವುದೋ ದೇಶದಲ್ಲಿ ಒಂದು ಬೆಟ್ಟ ನೆತ್ತಿ ಸಿಡಿದು ಉರಿ ಕಾರಿದೆಯಂತೆ. ಬಿದ್ದ ಬೂದಿ ಅಲ್ಲಲ್ಲೇ ಉಳಿಯಿತಂತೆ, ಆದರೆ ಅದರ ಗಂಧಕದ ಹೊಗೆ ಮೋಡಗಳಿಗಿಂತ ಮೇಲೆ ಹೋಗಿ, ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ, ಗಾಳಿಗೆ ಹರಡಿ ಭೂಮಿಗೆಲ್ಲ ಮುಸುಕು ಹಾಕಿದೆಯಂತೆ. ಸೂರ್ಯನ ಬಿಸಿಯಲ್ಲಿ ಒಂದು ಪಾಲನ್ನು ಆ ಮುಸುಕು ಮೇಲಿನಿಂದ ಮೇಲೆಯೇ ತಿರುಗಿಸಿ ಕಳಿಸುತ್ತದಂತೆ. ಹಡಗಿನವರ ಅಜ್ಜಂದಿರ ಕಾಲದಲ್ಲೂ ಹೀಗೇ ಆಗಿ, ಎರಡು ಮೂರು ವರ್ಷ ಬೇಸಿಗೆಯೇ ಬಾರದೆ, ಮಳೆ ಕೈಕೊಟ್ಟು ದೇಶ ದೇಶಗಳೇ ಹಸಿದಿದ್ದವಂತೆ. ಜೋಳ ನಂಬಬೇಡಿ, ಬೇಗ ಬರುವ ನವಣೆ ಸಾವೆ ಹಾಕಿ, ಇರುವುದನ್ನು ಅರ್ಧ ಹೊಟ್ಟೆ ಉಂಡು ಉಳಿಸಿಕೊಳ್ಳಿ ಎಂದು ಅವನು ಕೈಮುಗಿದು ಹೇಳಿದ. ಮಳೆ ಬಂದರೆ ಹೊಗೆಯೆಲ್ಲ ತೊಳೆದುಹೋಗುತ್ತದಲ್ಲ ಎಂದು ಯಾರೋ ಕೇಳಿದರು.

“ಮಳಿ ಹುಟ್ಟೂದು ಅದರ ಕೆಳಗ. ಮ್ಯಾಲಿಂದನ್ನ ಅದು ಹೆಂಗ ತೊಳೀತೈತಿ?” ಎಂದ ಖಾಜಾಸಾಬ್.

ಅಡಿವೆಪ್ಪಜ್ಜ ಅವನನ್ನು ಕಟ್ಟೆಯ ಮೇಲೆ ನಿಲ್ಲಿಸಿ ಎಲ್ಲವನ್ನೂ ಇನ್ನೊಮ್ಮೆ ಹೇಳಿಸಿದ. ನಾವು ಊರವರೆಲ್ಲ ಬಗ್ಗಿ ಬಗ್ಗಿ ನೋಡಿದೆವು. ಅವನ ನೆರಳು ಇತ್ತು ಎಂದರೆ ಇತ್ತು, ಇಲ್ಲ ಎಂದರೆ ಇಲ್ಲ. ಅದಕ್ಕೆ ಅಂಚೇ ಇಲ್ಲದ ಮೇಲೆ ಸರಿಯಿತೋ ನಿಂತಿತೋ ಹೇಳುವುದು ಹೇಗೆ? ಅಜ್ಜ ಕೊನೆಗೆ ತಲೆ ಎತ್ತಿ, ಇದು ಮಳೆಗಾಲದ ಮಾತು, ಆಕಾಶ ತಿಳಿಯಾದ ಮೇಲೆ ಕೇಳೋಣ ಎಂದ.

“ಆಕಾಶ ತಿಳಿ ಆಗೂದಿಲ್ಲ ಅಂತನ ನಾ ಹೇಳಾಕತ್ತೀನಿ, ಅಜ್ಜಾ,” ಎಂದ ಖಾಜಾಸಾಬ್.

ಜನ ನಕ್ಕರು. ನಾನೂ ನಕ್ಕೆ, ಸುಳ್ಳೇಕೆ. ಮನೆಗೆ ಬಂದ ಮೇಲೆ ನಮ್ಮವರು ನಮ್ಮ ಹೊಲಕ್ಕಾದರೂ ನವಣೆ ಹಾಕೋಣ ಎಂದರು. ನೆರಳು ಕಂಡಿತೇನು ನಿಮಗೆ ಎಂದು ಕೆಣಕಿದೆ. ಇಲ್ಲ, ಮುಖ ನೋಡಿದೆ ಎಂದರು. ಉಪ್ಪು ಮಾರುವವನಿಗೆ ನಾವು ನವಣೆ ಬಿತ್ತಿದರೆ ಬರುವುದೇನು, ಅವನು ಯಾಕೆ ಸುಳ್ಳು ಹೇಳಬೇಕು ಎಂದೂ ಕೇಳಿದರು. ಮುಖ ನೋಡಿ ಬಿತ್ತುವ ಕಾಲ ಬಂತಲ್ಲ ಎಂದು ನಾನು ಅವರನ್ನು ಎರಡು ದಿನ ಆಡಿಕೊಂಡೆ. ಊರೆಲ್ಲ ಜೋಳ ಬಿತ್ತಿದಾಗ ನಾವೂ ಜೋಳವನ್ನೇ ಬಿತ್ತಿದೆವು.

ಮುಂಗಾರು ಮೋಡಗಳು ಬಂದವು, ಮದುವೆಮನೆಯಲ್ಲಿ ಪನ್ನೀರು ಚಿಮುಕಿಸಿದಷ್ಟು ಹನಿಸಿ ಹೋದವು. ಹಿಂಗಾರಿಗೆ ಜೋಳವೇನೋ ಮೊಳಕಾಲೆತ್ತರ ಬಂತು. ತೆನೆ ಬಿಚ್ಚುವ ಹೊತ್ತಿಗೆ ಇಬ್ಬನಿ ಹೊಲದಲ್ಲೇ ಹೆಪ್ಪುಗಟ್ಟಿತು. ಅಂಥ ಚಳಿ ನಾವು ಕಂಡವರಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ಎಲೆಗಳು ಬಿಸಿನೀರು ಸುರಿದಂತೆ ಕಪ್ಪಾಗಿ ಜೋತಿದ್ದವು, ತೆನೆ ಹಿಚುಕಿದರೆ ಒಳಗೆ ಹಾಲಿಲ್ಲ. ಆ ಸಲ ನಮ್ಮೂರಿನ ಕಣಗಳಲ್ಲಿ ರಾಶಿ ಏಳಲೇ ಇಲ್ಲ. ಮಧ್ಯಾಹ್ನವೂ ಕಂಬಳಿ ಹೊದ್ದು ಕೂತ ಜನ ಕಣಿವೆಯಾಚೆಯಿಂದಲೂ ಹಸಿದವರು ಬರುವುದನ್ನು ಕಂಡು ಬಾಗಿಲು ಹಾಕಿಕೊಳ್ಳತೊಡಗಿದರು.

ಹಸಿವಿನ ಜೊತೆಗೆ ಸುಳ್ಳೂ ಮನೆಗೆ ಬಂತು. ಮೊದಲು ಸಣ್ಣವು. ಒಂದು ಸೇರು ಹಿಟ್ಟು ಕೇಳಿದರೆ ಇಲ್ಲವೆನ್ನುವುದು, ಉಂಡು ಬಾಯಿ ಒರೆಸಿಕೊಂಡು ಉಪವಾಸ ಎನ್ನುವುದು. ಆಮೇಲೆ ದೊಡ್ಡವು. ಒಬ್ಬರ ಮೇಕೆ ಇನ್ನೊಬ್ಬರ ಹಿತ್ತಲಲ್ಲಿ ಕಳೆದುಹೋಗುತ್ತಿತ್ತು. ಯಾರೋ ದೀಪ ಹಚ್ಚಿ ಗೋಡೆಯ ಮೇಲಿನ ನೆರಳು ನೋಡಿ ಕೇಳುವ ಉಪಾಯ ಮಾಡಿದರು. ದೀಪದ ನೆರಳು ತಾನೇ ಕುಣಿಯುತ್ತಿರುತ್ತದೆ, ಹಾಗೆ ನೋಡಿದರೆ ಊರಲ್ಲಿ ಸತ್ಯವಂತರೇ ಉಳಿಯಲಿಲ್ಲ. ಅದನ್ನೂ ಕೈಬಿಟ್ಟರು. ಎಲ್ಲಕ್ಕೂ ಒಂದೇ ಮಾತು, ಬಿಸಿಲು ಬರಲಿ, ಆಗ ನೋಡೋಣ.

ಆ ಚಳಿಯಲ್ಲಿ ನಾನು ಮಲಗಿದೆ. ಮೊದಲು ಕೆಮ್ಮು, ಆಮೇಲೆ ಚಳಿಜ್ವರ, ಆಮೇಲೆ ಎದ್ದು ನೀರು ಕುಡಿಯುವಷ್ಟೂ ತ್ರಾಣ ಇರಲಿಲ್ಲ. ಮನೆಯಲ್ಲಿ ಕಾಳು ಮುಗಿದದ್ದು ನನಗೆ ಗೊತ್ತಿತ್ತು, ಕೊನೆಯ ಹಿಡಿಯನ್ನು ನಾನೇ ಬೀಸಿದ್ದೆ. ಆದರೂ ಬೆಳಿಗ್ಗೆ ನಮ್ಮವರು ಬಿಸಿ ಗಂಜಿ ತಂದು ಬಾಯಿಗೆ ಹಿಡಿದರು. ಮರುದಿನವೂ ತಂದರು, ಅದರ ಮರುದಿನವೂ. ಗಂಜಿ ಕಹಿಯಾಗಿತ್ತು. ಕಹಿ ಎಂದೆ. ಜ್ವರದ ಬಾಯಿ ಎಂದರು. ಜ್ವರದ ಬಾಯಿಗೂ ಬೇವಿನ ಎಲೆಗೂ ಇರುವ ವ್ಯತ್ಯಾಸ ನನಗೆ ತಿಳಿಯದೇ? ಎಷ್ಟು ತೊಳೆದರೂ ಬೀಜದ ಜೋಳದ ಕಹಿ ಪೂರ್ತಿ ಹೋಗುವುದಿಲ್ಲ. ನಾನು ಕಣ್ಣು ಮುಚ್ಚಿ ಕುಡಿದೆ. ಅವರು ಅದರಲ್ಲಿ ಒಂದು ಗುಟುಕನ್ನೂ ಕುಡಿಯಲಿಲ್ಲ, ಅವರ ಪಕ್ಕೆಲುಬುಗಳು ಒಂದೊಂದಾಗಿ ಅಂಗಿಯ ಮೇಲೇ ಕಾಣುತ್ತಿದ್ದವು. ನಾವಿಬ್ಬರೂ ಆ ಬಗ್ಗೆ ಮಾತೆತ್ತಲಿಲ್ಲ. ನಾನು ಬದುಕಿದೆ.

ಎರಡನೆಯ ವರ್ಷದ ಬಿತ್ತನೆಗೆ ಮುಂಚೆ ಊರವರ ಎದುರಿಗೆ ಹಗೇವಿನ ಬಾಯಿ ತೆಗೆದರು. ಮಣ್ಣಿನ ಮೇಲಿನ ಹಸ್ತದ ಗುರುತು ಒಡೆದಿರಲಿಲ್ಲ, ಅದು ನಮ್ಮವರದೇ ಕೈ. ಚಪ್ಪಡಿ ಸರಿಸಿದಾಗ ಜೋಳ ಇರಬೇಕಾದ ಮಟ್ಟಕ್ಕಿಂತ ಕೆಳಗಿತ್ತು. ಬೇರೆ ಊರಾಗಿದ್ದರೆ ಆ ಹಸ್ತದ ಗುರುತೇ ಸಾಕಾಗಿತ್ತು, ಮತ್ತೆ ಮುಚ್ಚಿ ಕೈ ಒತ್ತಿದವರು ಯಾರೆಂದು ಕೂಸಿಗೂ ತಿಳಿಯುತ್ತಿತ್ತು. ನಮ್ಮೂರಲ್ಲಿ ಹಾಗೆ ಯೋಚಿಸುವ ಅಭ್ಯಾಸವೇ ಇರಲಿಲ್ಲ. ಜನ ಹಗೇವಿನ ಒಳಗೆ ನೋಡಿದರು, ಆಮೇಲೆ ನಮ್ಮವರ ಕಾಲು ನೋಡಿದರು. ಅಲ್ಲಿ ನೋಡಲು ಏನೂ ಇರಲಿಲ್ಲ. ನೀನು ತೆಗೆದೆಯಾ ಎಂದು ಅಡಿವೆಪ್ಪಜ್ಜ ಕೇಳಿದ. ನಮ್ಮವರು ಗುಂಪಿನ ಹಿಂದೆ ನಿಂತಿದ್ದ ನನ್ನ ಕಡೆ ಒಮ್ಮೆ ನೋಡಿ, ಇಲ್ಲ ಎಂದರು.

ಬೀಜ ಹಂಚುವುದು ಮೇಲಿನ ಓಣಿಯಿಂದ ಶುರುವಾಗಿ ಕೆಳಗಿನ ಓಣಿಗೆ ಮುಗಿಯುತ್ತದೆ. ಕೆಳಗಿನ ಓಣಿಯ ಕೊನೆಯ ಮನೆ ತಿರಕವ್ವನದು. ಗಂಡ ಸತ್ತ ಮೇಲೆ ಒಂಟಿಯಾಗಿ ಹೊಲ ಹರಗಿಕೊಂಡು ಬದುಕುತ್ತಿದ್ದ ಹೆಂಗಸು, ಮಾತು ಕಡಿಮೆ. ಅವಳ ಸರದಿ ಬರುವ ಹೊತ್ತಿಗೆ ಹಗೇವಿನಲ್ಲಿ ಬೂದಿ ಮಾತ್ರ ಉಳಿದಿತ್ತು. ಅವಳು ಖಾಲಿ ಮೊರ ಹಿಡಿದು ನಮ್ಮವರ ಎದುರಿಗೆ ಬಂದು ನಿಂತು, ನನ್ನ ಪಾಲಿನ ಬೀಜ ಎಲ್ಲಿ ಎಂದು ಕೇಳಿದಳು. ಅವಳು ಕಟ್ಟೆಯ ಕಡೆ ತಿರುಗಿ ಎಲ್ಲರಿಗೂ ಕೇಳುವಂತೆ ಇವನೇ ಕಳ್ಳ ಎಂದಳು. ಅದೂ ಆಗ ಮಳೆಗಾಲದ ಮಾತೇ. ಅಜ್ಜ ತೀರ್ಮಾನ ಹೇಳಿದ. ನೆರಳು ಗಟ್ಟಿಯಾದ ಮೊದಲ ದಿನ ನಮ್ಮವರು ಕಟ್ಟೆ ಏರಬೇಕು, ಅಲ್ಲಿಯವರೆಗೆ ಯಾರೂ ಅವರನ್ನು ಮುಟ್ಟಬಾರದು, ಸುಳ್ಳಾದರೆ ಅವತ್ತೇ ಕಣಿವೆ ದಾಟಿಸುವುದು.

ಕಣಿವೆಯಾಚೆ ಏನಿತ್ತು ಎಂಬುದು ಎಲ್ಲರಿಗೂ ಗೊತ್ತಿತ್ತು. ಆ ಕಡೆಯ ಊರುಗಳಲ್ಲಿ ನಮ್ಮಲ್ಲಿದ್ದಷ್ಟು ಕಾಳೂ ಇರಲಿಲ್ಲ. ಕಟ್ಟಿಗೆಗೆ ಹೋದವರು ದಾರಿ ಬದಿಯಲ್ಲಿ ಕೂತಲ್ಲೇ ಸತ್ತವರನ್ನು ಕಂಡು ಬಂದಿದ್ದರು.

ಅವತ್ತಿನಿಂದ ನನ್ನ ಪಾಡು ಯಾರಿಗೂ ಬೇಡ. ಊರಿಗೆ ಊರೇ ಬಿಸಿಲಿಗಾಗಿ ಹರಕೆ ಹೊತ್ತಿತ್ತು. ಬೆಳಗಾದರೆ ಜನ ಬಾಗಿಲು ತೆರೆದು ಮೊದಲು ಆಕಾಶ ನೋಡುತ್ತಿದ್ದರು, ನೀಲಿ ಕಂಡಿತೇ ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಬಿಸಿಲಿಲ್ಲದೆ ಬೆಳೆಯಿಲ್ಲ, ಕೂಸುಗಳ ಮೈಮೇಲೆ ಮಾಂಸವಿಲ್ಲ, ಮುದುಕರು ಸಾಲಾಗಿ ಹೋಗುತ್ತಿದ್ದರು. ನಾನೊಬ್ಬಳು ಮಾತ್ರ ಬಿಸಿಲು ಬಾರದಿರಲಿ ಎಂದು ಬೇಡುತ್ತಿದ್ದೆ. ಬೇಡಿ, ಆಮೇಲೆ ಓಣಿಯಲ್ಲಿ ಅಳುವ ಕೂಸಿನ ದನಿ ಕೇಳಿ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳುತ್ತಿದ್ದೆ. ಮರುದಿನ ಮತ್ತೆ ಅದನ್ನೇ ಬೇಡುತ್ತಿದ್ದೆ. ನನ್ನ ಕಣ್ಣು ಯಾವಾಗಲೂ ನೆಲದ ಮೇಲೆ. ಬಾವಿಯ ರಾಟೆಯ ಗೂಟದ ಬುಡದಲ್ಲಿ ಕಪ್ಪು ಕಂಡಿತೇ, ತುಳಸಿಕಟ್ಟೆಯ ಪಕ್ಕ ಕಂಡಿತೇ ಎಂದು ಹುಡುಕುತ್ತಿದ್ದೆ. ಕಾಣದಿದ್ದರೆ ಆ ದಿನದ ಮಟ್ಟಿಗೆ ಉಸಿರು ಬಿಡುತ್ತಿದ್ದೆ. ತಿರಕವ್ವನ ಹೊಲ ಹಾದು ಹೋಗುವಾಗ ಸೆರಗು ಮುಖಕ್ಕೆ ಎಳೆದುಕೊಳ್ಳುತ್ತಿದ್ದೆ. ಅವಳ ಹೊಲದಲ್ಲಿ ಕರಿಕೆ ಹುಲ್ಲು ಹಬ್ಬಿತ್ತು. ಅವಳು ಅವರಿವರ ಮನೆಯಲ್ಲಿ ಬೀಸಿ ಕುಟ್ಟಿ, ಕೊಟ್ಟದ್ದನ್ನು ತಿಂದು ದಿನ ನೂಕುತ್ತಿದ್ದಳು.

ಒಂದು ಬೆಳಿಗ್ಗೆ ತಡೆಯಲಾರದೆ, ನಾವಾಗಿಯೇ ಎಲ್ಲಾದರೂ ಹೋಗೋಣ, ಕಡಲ ಕಡೆ ಹೋಗಿ ಖಾಜಾಸಾಬನನ್ನು ಹುಡುಕೋಣ, ಅವನು ಕೈಬಿಡಲಾರ ಎಂದು ನಮ್ಮವರಿಗೆ ಹೇಳಿದೆ. ಅವರು ಎತ್ತಿನ ಮೈ ತಿಕ್ಕುತ್ತಿದ್ದರು, ಆ ಎತ್ತೂ ಚರ್ಮ ಹೊದಿಸಿದ ಎಲುಬು. ಕೈ ನಿಲ್ಲಿಸದೆ ಹೇಳಿದರು.

“ಬಿಸಲು ಬರಲಿ, ನೀಲಾ. ಮಂದಿ ಉಣ್ಣಲಿ.”

“ಮಂದಿ ಉಂಡ್ರ ನೀವು ಎಲ್ಲಿರ್ತೀರಿ?” ಎಂದೆ.

ಅವರು ಎತ್ತಿನ ಮೈ ತಿಕ್ಕುತ್ತಲೇ ಇದ್ದರು. ನನಗೆ ಎಷ್ಟು ಸಿಟ್ಟು ಬಂತೆಂದರೆ ಕೈಯಲ್ಲಿದ್ದ ಚೊಂಬನ್ನು ಅಂಗಳಕ್ಕೆ ಎಸೆದೆ. ಒಳ್ಳೆಯ ಗಂಡನ ಜೊತೆ ಬಾಳುವುದು ಬಹಳ ಕಷ್ಟ. ಕೆಟ್ಟವನಾಗಿದ್ದರೆ ಅವತ್ತೇ ಗಂಟು ಕಟ್ಟಿಕೊಂಡು ಹೊರಟಿರುತ್ತಿದ್ದ, ನನ್ನ ಪ್ರಾಣವೂ ತಣ್ಣಗಿರುತ್ತಿತ್ತು.

ಎರಡನೆಯ ಬೆಳೆ ಮೊದಲನೆಯದಕ್ಕಿಂತ ತುಸು ವಾಸಿ. ಇಬ್ಬನಿ ಸುಟ್ಟರೂ ಅರ್ಧ ತೆನೆ ಉಳಿದವು, ಬರುವ ವರ್ಷಕ್ಕೆ ಬೀಜಕ್ಕಾಗುವಷ್ಟು ಎತ್ತಿಟ್ಟರು. ಹಗೇವಿನ ಮೇಲೆ ಈ ಸಲ ಅಡಿವೆಪ್ಪಜ್ಜನೇ ಕೈ ಒತ್ತಿದ. ಖಾಜಾಸಾಬ್ ಹೇಳಿದ ಎರಡು ಮೂರು ವರ್ಷ ಮುಗಿಯುತ್ತಿದ್ದಂತೆ ಆ ಮುಸುಕು ಮೇಲಿನಿಂದ ನಿಧಾನವಾಗಿ ಇಳಿದು ಕರಗುತ್ತಿತ್ತು ಎಂದು ಕಾಣುತ್ತದೆ. ಮೂರನೆಯ ಬೇಸಿಗೆಯಲ್ಲಿ ಸಂಜೆಯ ಕೆಂಪು ಗಿಡ್ಡವಾಯಿತು. ಸೂರ್ಯನ ಸುತ್ತಲಿನ ಬಳೆ ಮಸುಕಾಯಿತು. ನಡುನೆತ್ತಿಯ ಮೇಲೆ ಅಂಗೈಯಗಲ ನೀಲಿ ಕಂಡಿತೆಂದು ಮಕ್ಕಳು ಕೂಗಿದವು. ನಾನು ಬಾವಿಯ ಹತ್ತಿರ ಹೋಗಿ ನೋಡಿದೆ. ಗೂಟದ ನೆರಳಿಗೆ ಒಂದು ಕಡೆಯ ಅಂಚು ಬಂದಿತ್ತು.

ಆಮೇಲೆ ದಿನಾ ಅದು ಕಪ್ಪಾಗುತ್ತ ಬಂತು. ನಾನು ಅದರ ಮೇಲೆ ನೀರು ಚೆಲ್ಲಿದ್ದೂ ಉಂಟು, ಅಳಿಸಿಹೋದೀತು ಎನ್ನುವ ಹಾಗೆ. ಕಾಗೆಯೊಂದು ಹಾರಿ ಹೋದರೆ ಅದರ ನೆರಳು ಅಂಗಳದ ಮೇಲೆ ಓಡಿತು, ಅಂಥದ್ದನ್ನು ಕಂಡೇ ಇರದ ಕೋಳಿಯ ಹೂಮರಿಗಳು ಬೆದರಿ ಚೆಲ್ಲಾಪಿಲ್ಲಿಯಾದವು. ಆ ಎರಡು ವರ್ಷಗಳಲ್ಲಿ ಹುಟ್ಟಿ ನಡೆಯಲು ಕಲಿತ ಕೂಸುಗಳು ತಮ್ಮ ಬೆನ್ನು ಹತ್ತಿದ ಕಪ್ಪನ್ನು ಕಂಡು ಚೀರಿ ತಾಯಿಯ ಕಾಲು ತಬ್ಬಿದವು. ಹೆಂಗಸರು ನಕ್ಕರು, ಬಹಳ ದಿನಗಳ ಮೇಲೆ. ನಾನು ಮಾತ್ರ ನೆಲ ನೋಡುತ್ತಲೇ ನಿಂತಿದ್ದೆ.

ಕೊನೆಗೂ ಆ ದಿನ ಬಂತು. ಬೆಳಿಗ್ಗೆ ಬಾಗಿಲು ತೆಗೆದಾಗ ಬಿಸಿಲು ಹೊಸ್ತಿಲ ಮೇಲೆ ಕತ್ತರಿಸಿ ಇಟ್ಟಂತೆ ಬಿದ್ದಿತ್ತು. ಆಕಾಶ ಪೂರ್ತಿ ನೀಲಿ. ಮೈಗೆ ಬೆಚ್ಚಗೆ ತಾಕಿದ ಆ ಬಿಸಿಲು ಎಷ್ಟು ಹಿತವಾಗಿತ್ತೆಂದರೆ ಒಂದು ಕ್ಷಣ ಎಲ್ಲ ಮರೆತು ಕಣ್ಣು ಮುಚ್ಚಿ ನಿಂತುಬಿಟ್ಟೆ. ಆಮೇಲೆ ನೆನಪಾಯಿತು. ಈಗ ಡಂಗುರ ಹೊಡೆಯುತ್ತಾರೆ, ಈಗ ನಾಲ್ಕು ಜನ ಬಂದು ನಮ್ಮವರನ್ನು ಕರೆಯುತ್ತಾರೆ ಎಂದು ಕಿವಿಗೊಟ್ಟು ಕಾದೆ.

ಯಾರೂ ಬರಲಿಲ್ಲ. ಡಂಗುರವೂ ಕೇಳಲಿಲ್ಲ. ಎರಡು ವರ್ಷ ಬಿಸಿಲಿಗಾಗಿ ಹಂಬಲಿಸಿದ ಊರು, ಬಿಸಿಲು ಬಂದ ದಿನ ಸತ್ತಂತೆ ಬಿದ್ದಿತ್ತು. ಹೊರಗೆ ಇಣುಕಿ ನೋಡಿದೆ. ಓಣಿಯಲ್ಲಿ ನಾಯಿ ಒಂದನ್ನು ಬಿಟ್ಟರೆ ಯಾರೂ ಇಲ್ಲ. ಆದರೆ ಎಲ್ಲ ಮನೆಗಳ ಬಾಗಿಲುಗಳೂ ಬೆರಳಷ್ಟು ತೆರೆದಿದ್ದವು. ಕೆಲವರು ಸೂರಿನ ಕೆಳಗೆ ಗೋಡೆಗೆ ಬೆನ್ನು ಹಚ್ಚಿ, ಬಿಸಿಲಿಗೆ ಕಾಲು ತಾಗದಂತೆ ಒಳಗೆಳೆದುಕೊಂಡು ನಿಂತಿದ್ದರು. ಯಾರೂ ಯಾರ ಕಡೆಯೂ ನೋಡುತ್ತಿರಲಿಲ್ಲ. ಆಗ ನನಗೆ ಹೊಳೆಯಿತು. ಎರಡು ವರ್ಷ ಬಾಯಿಗೆ ಬಂದದ್ದನ್ನು ಹೇಳಿ ಬದುಕಿದ್ದು ನಾವಿಬ್ಬರೇ ಅಲ್ಲ. ಮೇಕೆ ತಿಂದವರು, ಹಿಟ್ಟು ಮುಚ್ಚಿಟ್ಟವರು, ತಾಯಿಯ ಪಾಲನ್ನು ತಾವು ಉಂಡವರು ಎಲ್ಲರೂ ಈ ದಿನಕ್ಕೆ ನನ್ನ ಹಾಗೆಯೇ ಹೆದರಿದ್ದರು. ನನಗೆ ನಗು ಬರುವಂತಾಯಿತು. ಯಾರೂ ಹೊರಗೆ ಬರುವುದಿಲ್ಲ, ಯಾರೂ ಕೇಳುವುದಿಲ್ಲ, ನಾವು ಉಳಿದೆವು ಎಂದು ಒಳಗೆ ಓಡಿದೆ.

ನಮ್ಮವರು ಮಿಂದು ಒಗೆದ ಧೋತರ ಉಟ್ಟಿದ್ದರು. ಯಾರೂ ಕರೆದಿಲ್ಲ, ಒಳಗೇ ಇರಿ ಎಂದು ಬಾಗಿಲಿಗೆ ಅಡ್ಡ ನಿಂತೆ. ಕಾಲು ಹಿಡಿದೆ. ಅವರು ನನ್ನನ್ನು ಎಬ್ಬಿಸಿ, ಪಕ್ಕಕ್ಕೆ ಸರಿಸಿ, “ಕರೀದಿದ್ರೇನಾತು, ಬಿಸಲು ಬಂದೈತಲ್ಲ,” ಎಂದು ಹೊರಟರು. ನಾನು ಬರಿಗಾಲಲ್ಲಿ ಹಿಂದೆ ಓಡಿದೆ.

ಅವರು ಕಟ್ಟೆ ಏರಿದರು. ಎದುರಿಗೆ ಅಡಿವೆಪ್ಪಜ್ಜನ ಮನೆ, ಅಜ್ಜ ಸೂರಿನ ನೆರಳಲ್ಲಿ ಕೋಲು ಊರಿ ನಿಂತಿದ್ದ. ಬಿಳಿಕಲ್ಲಿನ ಮೇಲೆ ನಮ್ಮವರ ನೆರಳು ಉದ್ದಕ್ಕೆ, ಕಪ್ಪಗೆ ಬಿತ್ತು. ಎಷ್ಟು ತೆಳ್ಳಗಾಗಿದ್ದರು ಎಂದು ಆ ನೆರಳು ನೋಡಿದಾಗಲೇ ನನಗೆ ಸರಿಯಾಗಿ ಕಂಡದ್ದು.

“ಬೀಜದ ಜ್ವಾಳ ನಾನ ತೆಗದೀನಿ. ಅವತ್ತ ಇಲ್ಲ ಅಂದಿದ್ದು ಸುಳ್ಳು,” ಎಂದರು.

ನೆರಳು ಅಲುಗಲಿಲ್ಲ. ಬಾಗಿಲುಗಳು ಇನ್ನಷ್ಟು ತೆರೆದುಕೊಂಡವು. ನನಗೆ ಏನಾಯಿತೋ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಾನೂ ಕಟ್ಟೆ ಏರಿ ಅವರ ಪಕ್ಕ ನಿಂತೆ.

“ತಿಂದಾಕಿ ನಾನು,” ಎಂದೆ. “ಇವರು ಒಂದು ಕಾಳು ತಿಂದಿಲ್ಲ. ಬೇವಿನ ಕಹಿ ಗೊತ್ತಾಗಿನ ನಾ ತಿಂದೀನಿ. ಇನ್ನೊಮ್ಮಿ ಕೊಟ್ಟರೂ ತಿಂತೀನಿ. ಕಣಿವಿ ದಾಟಸೂದಿದ್ರ ನನ್ನೂ ದಾಟಸ್ರಿ.”

ನನ್ನ ನೆರಳೂ ಇದ್ದಲ್ಲೇ ಇತ್ತು. ಈಗ ಅಜ್ಜ ತೀರ್ಪು ಹೇಳಬೇಕು. ಹೇಳಬೇಕೆಂದರೆ ಸೂರಿನ ಕೆಳಗಿನಿಂದ ಹೊರಗೆ ಬಂದು ಮೊದಲು ತನ್ನ ಮಾತು ಹೇಳಬೇಕು. ಅವನು ಬಹಳ ಹೊತ್ತು ಬರಲಿಲ್ಲ. ಬಿಸಿಲು ಏರುತ್ತಿದ್ದ ಹಾಗೆ ಸೂರಿನ ನೆರಳು ಗಿಡ್ಡವಾಗಿ ಅವನ ಕಾಲಿನ ಹತ್ತಿರ ಬಂತು, ಅವನು ಗೋಡೆಗೆ ಒತ್ತಿ ನಿಂತ. ಆಮೇಲೆ ಒಮ್ಮೆಲೇ ಕೋಲು ಊರುತ್ತ ಬಂದು ಕಟ್ಟೆ ಏರಿದ. ತನ್ನ ಮನಸ್ಸಿನಲ್ಲಿ ಮುಚ್ಚಿಟ್ಟದ್ದು ಎಂದು ಶುರುಮಾಡಿ ನಿಲ್ಲಿಸಿದ.

“ಖಾಜಾಸಾಬನ ಮಾತು ಖರೇ ಅಂತ ನನಗ ಅವತ್ತ ಗೊತ್ತಾಗಿತ್ತು,” ಎಂದ. “ಅವನ ಮಾರಿ ನೋಡೇ ಗೊತ್ತಾಗಿತ್ತು. ನೆರಳಿಲ್ಲದ ಮಾತು ನಂಬಿದ್ರ ಈ ಕಟ್ಟಿಗೆ ಏನು ಕಿಮ್ಮತ್ತು, ನನಗೇನು ಕಿಮ್ಮತ್ತು ಅಂತ ಸುಮ್ಮನಾದೆ. ನವಣಿ ಬಿತ್ತಿದ್ರ ಇಷ್ಟು ಮಂದಿ ಸಾಯತಿರಲಿಲ್ಲ.”

ಅವನ ನೆರಳು ಅಲುಗಲಿಲ್ಲ. ಓಣಿಯೊಳಗೆ ಯಾರೋ ಹೆಂಗಸು ಜೋರಾಗಿ ಅಳತೊಡಗಿದಳು, ಅವಳು ಆ ಚಳಿಯಲ್ಲಿ ಮಗುವನ್ನು ಕಳೆದುಕೊಂಡವಳು. ಅಜ್ಜ ಕಟ್ಟೆಯ ಮೇಲೆಯೇ ಕುಸಿದು ಕೂತ. ತೀರ್ಪು ಹೇಳುವ ಬಾಯಿ ತನಗೆ ಇಲ್ಲ, ಬೀಜ ಕಳೆದುಕೊಂಡವಳು ತಿರಕವ್ವ, ಅವಳೇ ಹೇಳಲಿ ಎಂದ. ಜನ ಮೆಲ್ಲಗೆ ಸೂರುಗಳ ಕೆಳಗಿನಿಂದ ಬಿಸಿಲಿಗೆ ಬಂದರು.

ತಿರಕವ್ವ ಕಟ್ಟೆ ಏರಲಿಲ್ಲ. ಕೆಳಗೆ ನೆಲದ ಮೇಲೆ, ನನ್ನ ಎದುರಿಗೆ ಬಂದು ನಿಂತಳು. ಅವಳ ಮುಖವನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಕೆನ್ನೆ ಒಳಕ್ಕೆ ಹೋಗಿ ಕಣ್ಣು ಮಾತ್ರ ಉಳಿದಿದ್ದವು. ನಮ್ಮವರನ್ನು ಈಗಲೇ ಕಣಿವೆಗೆ ಎಳೆಯಿರಿ ಎನ್ನುತ್ತಾಳೆ ಎಂದು ನಾನು ಅವರ ಕೈ ಗಟ್ಟಿಯಾಗಿ ಹಿಡಿದುಕೊಂಡೆ.

“ನೀ ತಿಂದಿದ್ದು ನನಗ ಹೋದ ವರ್ಷನ ಗೊತ್ತಿತ್ತು, ನೀಲವ್ವಾ,” ಎಂದಳು. “ಊರೆಲ್ಲ ಬಿಸಲು ಬರಲೆಂತ ಮ್ಯಾಲ ನೋಡೂದು. ನೀ ಒಬ್ಬಾಕಿ ನೆಲಾ ನೋಡತಿದ್ದಿ.”

ಗೊತ್ತಿದ್ದರೆ ನನ್ನ ಹೆಸರನ್ನು ಯಾಕೆ ಎಲ್ಲರ ಮುಂದೆ ಹೇಳಲಿಲ್ಲ ಎಂದು ಕೇಳಿದೆ.

“ನೆರಳಿರಲಿಲ್ಲ. ಯಾರು ನಂಬತಿದ್ರು?” ಎಂದು ಅವಳು ಕೂತಿದ್ದ ಅಜ್ಜನ ಕಡೆ ಒಮ್ಮೆ ನೋಡಿದಳು. ಆಮೇಲೆ ನಮ್ಮವರ ಕಡೆ ತಿರುಗಿ, ಇವನನ್ನು ಕಣಿವೆ ದಾಟಿಸಿದರೆ ತನ್ನ ಬೀಳುಬಿದ್ದ ಹೊಲವನ್ನು ಯಾರು ಹರಗುತ್ತಾರೆ, ಗಂಡಹೆಂಡತಿ ಇಬ್ಬರೂ ಬಂದು ಮೊದಲು ತನ್ನ ಹೊಲ ಬಿತ್ತಲಿ, ಆಮೇಲೆ ತಮ್ಮದು, ತಾನು ಇರುವ ತನಕ ಪ್ರತಿ ವರ್ಷ ಹೀಗೇ ಆಗಬೇಕು ಎಂದಳು. ಅಷ್ಟು ಹೇಳಿ ಹೊರಟವಳು ಮತ್ತೆ ತಿರುಗಿದಳು. ಅವಳ ಕಣ್ಣು ತುಂಬಿತ್ತು, ಅದನ್ನು ಒರೆಸಿಕೊಳ್ಳಲೂ ಇಲ್ಲ.

“ಆದ್ರ ಒಂದು ತಿಳಕೋರಿ. ಸಾಯೂ ತನಕ ನಾ ನಿಮ್ಮಿಬ್ಬರನ್ನೂ ಕ್ಷಮಾ ಮಾಡೂದಿಲ್ಲ.”

ಊರ ಕಣ್ಣೆಲ್ಲ ಹಳೆಯ ರೂಢಿಯಂತೆ ಅವಳ ಕಾಲಿಗೆ ಹೋಯಿತು. ಅವಳ ನೆರಳು ಪಾದಗಳನ್ನು ಬಿಟ್ಟು ಒಂದು ಗೇಣು ಪಕ್ಕಕ್ಕೆ ಸರಿದು ನಿಂತಿತ್ತು. ತಿರಕವ್ವ ಕೆಳಗೆ ನೋಡಲಿಲ್ಲ. ಸೆರಗು ಕೊಡವಿಕೊಂಡು ತನ್ನ ಓಣಿಗೆ ನಡೆದಳು, ನೆರಳು ಅಷ್ಟು ದೂರದಲ್ಲೇ ಅವಳ ಜೊತೆ ಹೋಯಿತು. ನಾವು ಪ್ರತಿ ವರ್ಷ ಮೊದಲು ಅವಳ ಹೊಲ ಬಿತ್ತುತ್ತೇವೆ. ಅವಳು ಬದುವಿನ ಮೇಲೆ ಕೂತು ನಾವು ಹಿಡಿದ ಸಾಲು ಸೊಟ್ಟಗಾಯಿತೆಂದು ಬೈಯುತ್ತಾಳೆ. ಆ ಮಾತನ್ನು ಅವಳು ಇವತ್ತಿನವರೆಗೂ ಹಿಂದಕ್ಕೆ ತೆಗೆದುಕೊಂಡಿಲ್ಲ, ಅವಳ ನೆರಳು ಇವತ್ತಿಗೂ ಅವಳಿಂದ ಒಂದು ಗೇಣು ದೂರದಲ್ಲೇ ಕೂತಿರುತ್ತದೆ.